ಅಬ್ಬಾನ ಪಾಲು

"ಕಥೆ ನಿಮ್ಮದೇ ಇರಲಿ ಸಾರ್, ಒಂದು ಅಕ್ಷರ ಮುಟ್ಟೋದಿಲ್ಲ. ಕ್ಲೈಮ್ಯಾಕ್ಸ್ ಮಾತ್ರ ಬೇರೆ ಬೇಕು" ಎಂದು ಆ ನಿರ್ದೇಶಕರು ಫೋನು ಮಾಡಿದಾಗ ನಾನು ಎಂಟನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ಕೊನೆಯನ್ನು ಬದಲಿಸಿದರೆ ಒಂದು ಅಕ್ಷರವನ್ನೂ ಮುಟ್ಟದೆ ಇರುವುದು ಹೇಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನಂಥ ಮೇಷ್ಟ್ರ ಕಥೆಯೊಂದು ಸಿನೆಮಾ ಆಗುತ್ತದೆ ಎಂದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ?

ಆ ಕಥೆ ಬರೆದದ್ದು 2011ರಲ್ಲಿ. ಐದು ಪುಟದ್ದು. ಒಬ್ಬ ಲಾರಿ ಡ್ರೈವರು ಮನೆಯಿಂದ ಹೋದವನು ಮತ್ತೆ ಬರುವುದಿಲ್ಲ. ಅವನ ಹೆಂಡತಿ ಪ್ರತಿ ರಾತ್ರಿ ಅವನ ಪಾಲಿನ ಊಟವನ್ನು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಇಡುತ್ತಾಳೆ. ಬೆಳಿಗ್ಗೆ ಎದ್ದು ಅದನ್ನು ಹಿತ್ತಲಿನ ಕೋಳಿಗಳಿಗೆ ಹಾಕುತ್ತಾಳೆ. ವರ್ಷಗಳು ಕಳೆಯುತ್ತವೆ, ಮಕ್ಕಳು ದೊಡ್ಡವರಾಗುತ್ತಾರೆ, ಅವಳ ಕೂದಲು ಬೆಳ್ಳಗಾಗುತ್ತದೆ, ಅವಳು ಇನ್ನೂ ತಟ್ಟೆ ಇಡುತ್ತಲೇ ಇದ್ದಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಓದಿದವರು ಮೆಚ್ಚಿದರು. ವಿಮರ್ಶಕರೊಬ್ಬರಂತೂ ಆ ಕೋಳಿಗಳ ಬಗ್ಗೆಯೇ ಅರ್ಧ ಪುಟ ಬರೆದರು.

ಮುಚ್ಚಿಡುವುದೇನು, ಅದು ನಮ್ಮ ಮನೆಯದೇ ಕಥೆ. ಹರಿಹರದಲ್ಲಿ ಪಿ.ಬಿ. ರಸ್ತೆಯಿಂದ ಕೂಗಳತೆಯಲ್ಲಿ ನಮ್ಮ ಬಾಡಿಗೆ ಮನೆ. ಅಬ್ಬಾ ಲಾರಿ ಓಡಿಸುತ್ತಿದ್ದರು. 1987ರಲ್ಲಿ, ನನಗೆ ಎಂಟು ವರ್ಷವಿದ್ದಾಗ, ಮುಂಬಯಿಗೆ ಲೋಡ್ ತೆಗೆದುಕೊಂಡು ಹೋದರು. ಹತ್ತು ದಿನಕ್ಕೆ ಲಾರಿ ವಾಪಸು ಬಂತು. ಓಡಿಸಿಕೊಂಡು ಬಂದವನು ಬೇರೆಯವನು. ಅಬ್ಬಾ ಅಲ್ಲಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಇಳಿದುಹೋದರು ಎಂದಷ್ಟೇ ಅವನಿಗೆ ಗೊತ್ತಿತ್ತು. ಮನೆಯಲ್ಲಿ ಉಳಿದವರು ನಾಲ್ವರು: ಅಮ್ಮಿ, ಹದಿನೈದು ವರ್ಷದ ಆಪಾ, ಹನ್ನೆರಡು ವರ್ಷದ ಭಾಯಿ, ನಾನು. ಅಮ್ಮಿ, ಆಪಾ ಇಬ್ಬರೂ ಬೀಡಿ ಕಟ್ಟಲು ಕುಳಿತರು. ರಾತ್ರಿ ದಸ್ತರ್‌ಖಾನ್ ಹಾಸಿ ಅಮ್ಮಿ ಐದು ತಟ್ಟೆ ಇಡುತ್ತಿದ್ದಳು. ಐದನೆಯದು ನೀಲಿ ಅಂಚಿನ ಪಿಂಗಾಣಿ ತಟ್ಟೆ, ಅಬ್ಬಾನದ್ದು. ಅದಕ್ಕೆ ಒಂದು ಸೌಟು ಅನ್ನ, ಇದ್ದರೆ ಒಂದು ರೊಟ್ಟಿ, ಮೇಲೆ ಸಾರು. ಮುಚ್ಚಿ ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಬೆಳಿಗ್ಗೆ ಅದನ್ನು ನಾನು ತಿಂದು ಉರ್ದು ಶಾಲೆಗೆ ಓಡುತ್ತಿದ್ದೆ. ಒಂದು ದಿನ ಮಾತ್ರ ರಾತ್ರಿಯೇ ಬೆಕ್ಕು ತಿಂದುಬಿಟ್ಟಿತ್ತು. ಅಂದು ನಾನು ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಬಿದ್ದು, ಉಸ್ತಾದರು ಯಾರದೋ ಸೈಕಲ್ಲಿನ ಮೇಲೆ ಮನೆಗೆ ಕಳಿಸಿಕೊಟ್ಟಿದ್ದರು. ಆಗಿನ್ನೂ ಶಾಲೆಗೆ ಬಿಸಿಯೂಟ ಬಂದಿರಲಿಲ್ಲ.

ಕಥೆ ಬರೆಯುವಾಗ ಇದನ್ನೆಲ್ಲ ಬಿಟ್ಟೆ. ಗಂಡನಿಗಾಗಿ ಕಾದಿಟ್ಟ ಅನ್ನವನ್ನು ಮಗ ತಿಂದು ಶಾಲೆಗೆ ಹೋದ ಎಂದರೆ ಕಾಯುವಿಕೆಯ ಗಾಂಭೀರ್ಯ ಕೆಡುತ್ತದೆ ಎನಿಸಿತ್ತು. ಆದ್ದರಿಂದ ಕೋಳಿಗಳು ಬಂದವು.

ಬೆಂಗಳೂರಿನ ಒಂದು ಹೋಟೆಲಿನಲ್ಲಿ ನಿರ್ಮಾಪಕರೂ ಜೊತೆಗಿದ್ದರು. ಒಳ್ಳೆಯ ಮನುಷ್ಯ. ಕಥೆಯನ್ನು ನಿಜವಾಗಿ ಓದಿಕೊಂಡು ಬಂದಿದ್ದರು. ಅವರು ಹೇಳಿದ ಮಾತು ಇಂದಿಗೂ ನೆನಪಿದೆ. "ನೋಡಿ ಮೇಷ್ಟ್ರೇ, ಪುಸ್ತಕ ಓದುವವನು ಒಬ್ಬನೇ ಓದ್ತಾನೆ. ಮುಗಿದ ಮೇಲೆ ಗೋಡೆ ನೋಡ್ತಾ ಕೂತ್ಕೋಬಹುದು. ಥಿಯೇಟರಲ್ಲಿ ಹಾಗಲ್ಲ. ಲೈಟ್ ಹಾಕಿಬಿಡ್ತಾರೆ. ಮುನ್ನೂರು ಜನ ಒಟ್ಟಿಗೆ ಚಪ್ಪಲಿ ಹುಡುಕ್ತಾ ಏಳ್ತಾರೆ. ಆ ಹೊತ್ತಿಗೆ ಅವರ ಕೈಗೆ ಏನಾದ್ರೂ ಕೊಟ್ಟಿರಬೇಕು." ನನ್ನ ಕಥೆಯ ಹೆಂಗಸು ತಟ್ಟೆ ಇಡುತ್ತಲೇ ಇರುವುದು ಪುಟದ ಮೇಲೆ ಸರಿ, ಪರದೆಯ ಮೇಲೆ ಅದು ರೀಲು ಕಡಿದುಹೋದಂತೆ ಕಾಣುತ್ತದೆ ಎಂಬುದು ಅವರ ವಾದ. ಒಂದೂವರೆ ಗಂಟೆ "ಗಂಡ ಬರುತ್ತಾನಾ" ಎಂದು ಕೇಳಿಸಿ, ಕೊನೆಗೆ "ಗೊತ್ತಿಲ್ಲ" ಎಂದರೆ ಟಿಕೇಟಿನವನು ಒಪ್ಪುವುದಿಲ್ಲ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಮೊದಲ ಪ್ರಯತ್ನದಲ್ಲಿ ಗಂಡನನ್ನು ಕರೆತಂದೆ. ಈದ್‌ನ ಹಿಂದಿನ ಸಂಜೆ ಹರಿಹರದ ರೈಲ್ವೆ ಸ್ಟೇಷನ್ನಿನಲ್ಲಿ ಮುದುಕನೊಬ್ಬ ಇಳಿಯುತ್ತಾನೆ. ಬಾಗಿಲು ತಟ್ಟುತ್ತಾನೆ. ಅವಳು ಏನೂ ಕೇಳದೆ ಗೂಡಿನಿಂದ ತಟ್ಟೆ ತೆಗೆದು ಮುಂದಿಡುತ್ತಾಳೆ. ಇದನ್ನು ಹೇಳಿ ಮುಗಿಸಿದಾಗ ಕೋಣೆಯಲ್ಲಿದ್ದ ಸಹಾಯಕ ನಿರ್ದೇಶಕ ಹುಡುಗ ಕಣ್ಣೊರೆಸಿಕೊಂಡ. ನನ್ನ ಗಂಟಲೂ ಕಟ್ಟಿತು. ಆದರೆ ರಾತ್ರಿ ಬಸ್ಸಿನಲ್ಲಿ ಬರುವಾಗ ತುಮಕೂರು ದಾಟುವುದರೊಳಗೆ ನನಗೆ ಆ ಕಣ್ಣೀರಿನ ಮೇಲೆ ಅನುಮಾನ ಹುಟ್ಟಿತ್ತು. ಯಾರು ಬಂದರೂ ಅಳು ಬರುತ್ತದೆ. ಸ್ಟೇಷನ್ನಿನಲ್ಲಿ ಯಾರೋ ಯಾರನ್ನೋ ತಬ್ಬಿಕೊಂಡರೆ ಸಂಬಂಧವಿಲ್ಲದ ನಮಗೂ ಕಣ್ಣು ತುಂಬುತ್ತದೆ. ಅದು ಕಥೆಯ ಗಳಿಕೆಯಲ್ಲ, ಸ್ಟೇಷನ್ನಿನದು.

ಎರಡನೆಯದು ನಿರ್ದೇಶಕರ ಸಲಹೆ. ಗಂಡ ಮುಂಬಯಿಯಲ್ಲಿ 1992ರ ಡಿಸೆಂಬರ್ ಗಲಭೆಯಲ್ಲಿ ಸತ್ತ ಎಂದು ಕೊನೆಯಲ್ಲಿ ತಿಳಿಯಬೇಕು. ಅವನು ಹೋದದ್ದು 1987ರಲ್ಲಲ್ಲವೇ ಎಂದೆ. "ಐದು ವರ್ಷ ಹಿಂದೆ ಮುಂದೆ ಮಾಡಿಕೊಳ್ಳೋಣ ಸಾರ್" ಎಂದರು. ನಾನು ಜಗಳವಾಡಲಿಲ್ಲ, ಆದರೆ ಬೇಸರವಾಯಿತು. ಮುಂಬಯಿಯ ಆ ದಿನಗಳಲ್ಲಿ ಸತ್ತವರ ಕಥೆ ಬೇರೆಯೇ ಇದೆ, ಅದನ್ನು ಅದಕ್ಕೆಂದೇ ಹೇಳಬೇಕು. ಇಲ್ಲಿ ಅದು ಬರುತ್ತಿದ್ದದ್ದು ನಮಗೆ ಕೊನೆ ಸಿಗುತ್ತಿಲ್ಲ ಎಂಬ ಕಾರಣಕ್ಕೆ. ಇನ್ನೊಂದು ಮಾತು. ನಮ್ಮ ಸಿನೆಮಾಗಳಲ್ಲಿ ಮುಸ್ಲಿಂ ಗಂಡಸು ಸುಮ್ಮನೆ ಮನೆ ಬಿಟ್ಟು ಹೋಗುವ ಹಾಗಿಲ್ಲ. ಒಂದೋ ಅವನನ್ನು ಯಾರಾದರೂ ಕೊಂದಿರಬೇಕು, ಇಲ್ಲವೇ ಅವನೇ ಯಾರನ್ನಾದರೂ ಕೊಲ್ಲಲು ಹೋಗಿರಬೇಕು. ಹೆಂಡತಿ ಮಕ್ಕಳ ಹೊಣೆಗೆ ಹೆದರಿ ಓಡಿಹೋದ ಒಬ್ಬ ಸಾಮಾನ್ಯ ಹೇಡಿಗೆ ಅಲ್ಲಿ ಜಾಗವಿಲ್ಲ.

ಹೀಗೆ ಮೂರು ತಿಂಗಳು ಕಳೆಯಿತು. ಮುಂಗಡವಾಗಿ ಕೊಟ್ಟ ಹಣ ಮನೆಯ ತಾರಸಿಯ ಸೋರಿಕೆ ನಿಲ್ಲಿಸಲು ಖರ್ಚಾಗಿತ್ತು, ಹಿಂದಿರುಗಿಸುವಂತೆಯೂ ಇರಲಿಲ್ಲ. ನಾನು ಸಿನೆಮಾಗಳ ಕೊನೆಗಳನ್ನು ನೋಡತೊಡಗಿದೆ. ಮೊದಲಿನಿಂದ ನೋಡದೆ ಕಡೆಯ ಇಪ್ಪತ್ತು ನಿಮಿಷ ಮಾತ್ರ. ಹಾಗೆ ನೋಡಿದರೆ ಯಾವುದೂ ಅರ್ಥವಾಗುವುದಿಲ್ಲ ಎಂಬುದು ಗೊತ್ತಾಗಲು ವಾರ ಹಿಡಿಯಿತು. ಇದು ಮೇಷ್ಟ್ರಿಗೆ ಮೊದಲೇ ಹೊಳೆಯಬೇಕಿತ್ತು.

'ಶೋಲೆ'ಯ ವಿಷಯವನ್ನು ನೋಡಿ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಸಿನೆಮಾ. ಸಲೀಂ-ಜಾವೇದ್ ಬರೆದದ್ದು, ಅದರಲ್ಲೂ ಜಾವೇದ್ ಅಖ್ತರ್ ಮಾತುಗಳನ್ನು ಬರೆಯುವುದು ಉರ್ದು ಲಿಪಿಯಲ್ಲಿ ಎಂದು ತಿಳಿದಾಗ ಉರ್ದು ಶಾಲೆಯ ಹುಡುಗನಾದ ನನಗೆ ಎಷ್ಟು ಹೆಮ್ಮೆಯಾಗಿತ್ತು! ಅವರು ಬರೆದ ಕೊನೆಯಲ್ಲಿ ಕೈಗಳಿಲ್ಲದ ಠಾಕೂರ್ ಮೊಳೆ ಹೊಡೆದ ಬೂಟುಗಳಿಂದ ಗಬ್ಬರ್‌ನನ್ನು ತುಳಿದು ಕೊಲ್ಲುತ್ತಾನೆ. 1975ರ ತುರ್ತುಪರಿಸ್ಥಿತಿಯ ಕಾಲ. ಮಾಜಿ ಪೊಲೀಸ್ ಅಧಿಕಾರಿಯೇ ಕಾನೂನು ಕೈಗೆತ್ತಿಕೊಂಡರೆ ಹೇಗೆ ಎಂದು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಕೊನೆಯನ್ನು ಮತ್ತೆ ಚಿತ್ರೀಕರಿಸಿದರು. ಠಾಕೂರ್ ಕಾಲೆತ್ತಿದಾಗ ಪೊಲೀಸರು ಬಂದು ತಡೆಯುತ್ತಾರೆ. ನಾವು ಹುಡುಗರಾಗಿ ನೋಡಿದ್ದು ಇದನ್ನೇ. ಆದರೆ ಮಾರನೆಯ ದಿನ ಶಾಲೆಯ ಮೈದಾನದಲ್ಲಿ ಶೋಲೆ ಆಡುವಾಗ ಪೊಲೀಸಿನ ಪಾತ್ರಕ್ಕೆ ಯಾರೂ ಇರುತ್ತಿರಲಿಲ್ಲ. ಕೈಗಳನ್ನು ಅಂಗಿಯೊಳಗೆ ಸೇರಿಸಿಕೊಂಡ ಠಾಕೂರ್ ಗಬ್ಬರನನ್ನು ತುಳಿದೇ ತೀರುತ್ತಿದ್ದ. ಬೇರೊಂದು ಕೊನೆ ಇತ್ತೆಂದು ನಮಗೆ ಯಾರೂ ಹೇಳಿರಲಿಲ್ಲ. ಮೊಳೆಗಳನ್ನು ಒಂದು ಸಲ ತೋರಿಸಿದ ಮೇಲೆ ಅವುಗಳ ಕೆಲಸ ಏನೆಂದು ಹತ್ತು ವರ್ಷದ ಹುಡುಗರಿಗೂ ಗೊತ್ತಿತ್ತು. 2025ರಲ್ಲಿ, ಐವತ್ತು ವರ್ಷದ ನಂತರ, ಮೂಲ ಕೊನೆಯನ್ನು ಸೇರಿಸಿದ ಪ್ರತಿ ಇಟಲಿಯ ಬೊಲೋನ್ಯಾದ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಕೊನೆಯಲ್ಲಿ ಗಬ್ಬರ್ ಸತ್ತ ಮೇಲೆ ಠಾಕೂರ್ ಅಳುತ್ತಾನೆ. ನಮ್ಮ ಮೈದಾನದ ಆಟದಲ್ಲಿ ಇರದಿದ್ದದ್ದು ಅದೊಂದೇ.

ಮೈಸೂರಿನವರಾದ ಎಂ.ಎಸ್. ಸತ್ಯು ಅವರ 'ಗರಂ ಹವಾ' ನನ್ನನ್ನು ಇನ್ನೂ ಹೆಚ್ಚು ದಿನ ಕಾಡಿತು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆ. ಕೈಫಿ ಆಜ್ಮಿ ಮತ್ತು ಶಮಾ ಜೈದಿ ಚಿತ್ರಕಥೆ ಮಾಡಿದ್ದು. ಮೂಲದಲ್ಲಿ ರೈಲ್ವೆ ಸ್ಟೇಷನ್ ಮಾಸ್ತರನಾಗಿದ್ದ ನಾಯಕ ಚಿತ್ರಕಥೆಯಲ್ಲಿ ಆಗ್ರಾದ ಚಪ್ಪಲಿ-ಬೂಟು ತಯಾರಕನಾದ, ಯಾಕೆಂದರೆ ಚರ್ಮದ ಕೆಲಸಗಾರರ ಬದುಕು ಕೈಫಿಯವರಿಗೆ ಹತ್ತಿರದಿಂದ ಗೊತ್ತಿತ್ತು. ಸಲೀಂ ಮಿರ್ಜಾ ದೇಶ ಬಿಡುತ್ತಾನೋ ಇಲ್ಲವೋ ಎಂಬುದೇ ಇಡೀ ಸಿನೆಮಾದ ಪ್ರಶ್ನೆ. ಕೊನೆಯಲ್ಲಿ ಸೋತು ಜಟಕಾ ಹತ್ತಿ ಸ್ಟೇಷನ್ನಿಗೆ ಹೊರಡುತ್ತಾನೆ. ದಾರಿಯಲ್ಲಿ ನಿರುದ್ಯೋಗಿಗಳ ಮೆರವಣಿಗೆ ಅಡ್ಡ ಬರುತ್ತದೆ. ಮಗ ಇಳಿದು ಸೇರಿಕೊಳ್ಳುತ್ತಾನೆ. ಆಮೇಲೆ ತಂದೆಯೂ ಇಳಿಯುತ್ತಾನೆ. ಹೆಂಡತಿಯನ್ನು ಮನೆಗೆ ವಾಪಸು ಕಳಿಸುತ್ತಾನೆ. ಮೊದಲ ಸಲ ನೋಡಿದಾಗ, ಇಪ್ಪತ್ತರ ಹರೆಯದಲ್ಲಿ, ಇದು ಪಕ್ಷದ ಭಾಷಣದ ಹಾಗಿದೆ ಎಂದು ಮೂಗು ಮುರಿದಿದ್ದೆ. ಈ ಬಾರಿ ಪೂರ್ತಿ ನೋಡಿದಾಗ ಆ ಮೆರವಣಿಗೆ ಆಕಾಶದಿಂದ ಉದುರಿದ್ದಲ್ಲ ಎಂಬುದು ಕಂಡಿತು. ಪದವಿ ಮುಗಿಸಿದ ಆ ಹುಡುಗ ಕೆಲಸಕ್ಕಾಗಿ ಅಲೆದದ್ದನ್ನು ನಾವು ನೋಡಿದ್ದೇವೆ, ಮರೆತಿದ್ದೇವೆ ಅಷ್ಟೇ. ಹೋಗುವುದೋ ಇರುವುದೋ ಎಂದು ಕೇಳುತ್ತಿದ್ದ ಸಿನೆಮಾ ಕಡೆಯ ಕ್ಷಣದಲ್ಲಿ ಯಾರ ಜೊತೆ ಇರುವುದು ಎಂದು ಕೇಳುತ್ತದೆ. ಸಲೀಂ ಮಿರ್ಜಾನ ಪಾತ್ರ ಮಾಡಿದ ಬಲರಾಜ್ ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನ, 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಈ ಕೊನೆಯನ್ನು ಜನರ ನಡುವೆ ಕೂತು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ.

ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಬಗ್ಗೆ ಒಂದೇ ಮಾತು ಹೇಳುತ್ತೇನೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನೆಮಾ ಟಾಕೀಸು, ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವುದು ಟಿವಿ. ಅವಳನ್ನು ಊರು ಬಿಡಿಸಿದ ಮೇಲೆ, ಎಂದೂ ಟಿವಿ ನೋಡಲು ಬಾರದಿದ್ದ ಇಬ್ಬರು ಮುದುಕಿಯರು ಆ ಮನೆಯೊಳಕ್ಕೆ ಹೋಗುತ್ತಾರೆ, ಗುಲಾಬಿ ಅದರೊಳಗಿದ್ದಾಳೆಂದು ನಂಬಿ. ಗುಲಾಬಿ ಏನಾದಳು ಎಂದು ಸಿನೆಮಾ ಹೇಳುವುದಿಲ್ಲ. ಆದರೂ ನಾವು ಬರಿಗೈಲಿ ಏಳುವುದಿಲ್ಲ. ನಿರ್ಮಾಪಕರಿಗೆ ನಾನು ಇದನ್ನು ಉದಾಹರಣೆ ಕೊಟ್ಟಾಗ ಅವರು ನಕ್ಕು, "ಅದು ಅವರ ಮುದುಕಿಯರು. ನಿಮ್ಮ ಮುದುಕಿ ಎಲ್ಲಿ?" ಎಂದರು.

ಈ ಗೊಂದಲದಲ್ಲಿ ನನಗೆ ನಾನಿ ಹೇಳುತ್ತಿದ್ದ ಯೂಸುಫ್ ಪೈಗಂಬರರ ಕಿಸ್ಸಾ ನೆನಪಾಯಿತು. ಕುರ್‌ಆನ್ ಅದನ್ನು ಅತ್ಯುತ್ತಮ ಕಥೆಯೆಂದು ಕರೆದಿದೆ ಎಂದು ನಾನಿ ಪ್ರತಿ ಸಲ ಹೇಳಿಯೇ ಶುರು ಮಾಡುತ್ತಿದ್ದಳು. ಹನ್ನೊಂದು ನಕ್ಷತ್ರ, ಸೂರ್ಯ, ಚಂದ್ರ ತಲೆಬಾಗಿದ ಕನಸು ಮೊದಲಿಗೇ ಬರುತ್ತದೆ. ಅಂದರೆ ಕೊನೆ ಏನೆಂದು ಮೊದಲೇ ಹೇಳಿಬಿಟ್ಟಿದೆ. ಆದರೂ ನಾವು ಬಾಯಿ ಬಿಟ್ಟು ಕೇಳುತ್ತಿದ್ದೆವು. ಈಗ ಯೋಚಿಸಿದರೆ ಅದರಲ್ಲಿ ಅಂಗಿ ಮೂರು ಸಲ ಬರುತ್ತದೆ. ಸುಳ್ಳು ರಕ್ತ ಹಚ್ಚಿ ತಂದೆಯೆದುರು ಅಣ್ಣಂದಿರು ಹಿಡಿದ ಅಂಗಿ, ಹಿಂದಿನಿಂದ ಹರಿದು ಯೂಸುಫರ ನಿರಪರಾಧವನ್ನು ತೋರಿಸಿದ ಅಂಗಿ, ಕೊನೆಗೆ ಅತ್ತು ಅತ್ತು ಕುರುಡಾದ ತಂದೆಯ ಮುಖದ ಮೇಲೆ ಹಾಕಿದಾಗ ಕಣ್ಣು ಮರಳಿಸಿದ ಅಂಗಿ. ಮೊದಲನೆಯದು ಸುಳ್ಳಾಡಿತು, ಎರಡನೆಯದು ಸಾಕ್ಷಿ ನುಡಿಯಿತು, ಮೂರನೆಯದು ಗಾಯ ಮಾಯಿಸಿತು. ನನ್ನ ಚಿತ್ರಕಥೆಯ ತಟ್ಟೆಯೋ, ಮೊದಲಿನಿಂದ ಕಡೆಯವರೆಗೆ ಒಂದೇ ಕೆಲಸ ಮಾಡುತ್ತಾ ಗೂಡಿನಲ್ಲಿ ಕೂತಿತ್ತು.

2024ರ ಬೇಸಿಗೆ ರಜೆಯಲ್ಲಿ ನಿರ್ಮಾಪಕರ ವಕೀಲರಿಂದ ಒಂದು ಕಾಗದ ಬಂತು. ಕಥೆ ನಿಜಜೀವನದ್ದಾದ್ದರಿಂದ "ನಿಮ್ಮ ತಾಯಿಯವರ ತಕರಾರಿಲ್ಲವೆಂಬ ಸಹಿ" ಬೇಕು ಎಂದಿತ್ತು. ನನಗೆ ಎದೆ ಧಸಕ್ಕೆಂದಿತು. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ನಾನು ಕಥೆ ಬರೆಯುತ್ತೇನೆಂದು ಗೊತ್ತು, ಏನು ಬರೆಯುತ್ತೇನೆಂದು ಗೊತ್ತಿಲ್ಲ. ಹದಿಮೂರು ವರ್ಷ ಆ ಕಥೆಯ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಕನ್ನಡದಲ್ಲಿ ಬರೆದದ್ದು ಆ ಭಾಷೆಯ ಮೇಲಿನ ಪ್ರೀತಿಯಿಂದ ಎಂದು ವೇದಿಕೆಗಳಲ್ಲಿ ಹೇಳಿದ್ದೇನೆ. ನಿಜವೇ. ಅಮ್ಮಿ ಓದಲಾರಳು ಎಂಬ ಧೈರ್ಯವೂ ಅದರಲ್ಲಿ ಸೇರಿತ್ತು.

ಹರಿಹರಕ್ಕೆ ಹೋದೆ. ಅಮ್ಮಿ ಇರುವುದು ಭಾಯಿಯ ಮನೆಯಲ್ಲಿ. ಭಾಯಿಗೆ ಅಲ್ಲೇ ಗ್ಯಾರೇಜಿದೆ. ಮಧ್ಯಾಹ್ನ ಊಟವಾದ ಮೇಲೆ ಅಮ್ಮಿ ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಆರಿಸುತ್ತಾ ಕುಳಿತಿದ್ದಳು. ನಾನು ಚಿತ್ರಕಥೆಯನ್ನು ನಮ್ಮ ದಖನಿಯಲ್ಲಿ ಹೇಳುತ್ತಾ ಹೋದೆ. ಭಾಯಿ ಬಾಗಿಲ ಹತ್ತಿರ ಗೋಡೆಗೊರಗಿ ಕೇಳುತ್ತಿದ್ದ. ಅಮ್ಮಿ ನಡುವೆ ಮಾತಾಡಲಿಲ್ಲ. ಸ್ಟೇಷನ್ನಿನಲ್ಲಿ ಮುದುಕ ಇಳಿದ, ಮನೆಗೆ ಬಂದ, ತಟ್ಟೆ ಮುಂದಿಟ್ಟಳು. ಮುಗಿಸಿದೆ. ಅವಳು ಅಳಬಹುದು, ಬೈಯಬಹುದು ಎಂದು ಎರಡಕ್ಕೂ ತಯಾರಾಗಿದ್ದೆ.

"ಕೋಳಿಗಾ?" ಎಂದಳು.

"ಏನಮ್ಮಿ?"

"ಬೆಳಿಗ್ಗೆ ಅದನ್ನ ಕೋಳಿಗೆ ಹಾಕ್ತಿದ್ದಳು ಅಂದೆಯಲ್ಲ. ಕೋಳಿಗೆ ಹಾಕೋವಷ್ಟು ಅನ್ನ ಇತ್ತೇನೋ ನಮ್ಮ ಮನೇಲಿ? ಕೋಳಿಯಾದ್ರೂ ಎಲ್ಲಿತ್ತು?"

ಅದು ಕಥೆ ಅಮ್ಮಿ, ಸುಮ್ಮನೆ ಬರೆದದ್ದು ಎಂದೆ. ಅವಳು ಅಕ್ಕಿಯಿಂದ ಕಣ್ಣೆತ್ತಲಿಲ್ಲ.

"ಒಂದು ವರ್ಷ ಅವರಿಗೇ ಅಂತ ಇಟ್ಟೆ. ಸುಳ್ಳು ಹೇಳಲ್ಲ. ಆಮೇಲೆ ಬೆಕ್ಕು ತಿಂದುಹೋಯ್ತಲ್ಲ, ನೀನು ಸ್ಕೂಲಲ್ಲಿ ಬಿದ್ದೆಯಲ್ಲ, ಅವತ್ತು ಗೊತ್ತಾಯ್ತು ಆ ತಟ್ಟೆ ಯಾರದ್ದು ಅಂತ. ಚಿಕ್ಕವನಿಗೆ ಬೆಳಿಗ್ಗೆಗೆ ಇಟ್ಟಿದೀನಿ ಅಂದ್ರೆ ಉಳಿದ ಇಬ್ಬರಿಗೆ ಹಸಿವಿಲ್ವಾ? ಅವರೂ ಬೆಳೆಯೋ ಮಕ್ಕಳೇ. ಅಬ್ಬಾನ ಪಾಲು ಅಂದ್ರೆ ಯಾರೂ ಕೈ ಹಾಕ್ತಿರಲಿಲ್ಲ."

ಭಾಯಿ ಎದ್ದು ಹೊರಗೆ ಹೋದ.

"ಮತ್ತೆ ಯಾವಾಗ ನಿಲ್ಲಿಸಿದೆ?" ಎಂದು ಕೇಳಿದೆ.

"ನೀನು ಕಾಲೇಜಿಗೆ ಅಂತ ಶಿವಮೊಗ್ಗದ ಹಾಸ್ಟೆಲಿಗೆ ಹೋದ ರಾತ್ರಿ. ತಿನ್ನೋನೇ ಇಲ್ಲ, ಯಾರಿಗೆ ಇಡಲಿ?"

1995. ರಜೆಗೆ ಬಂದಾಗಲೆಲ್ಲ ಅದೇ ದಸ್ತರ್‌ಖಾನಿನ ಮುಂದೆ ಕೂತು ಉಂಡಿದ್ದೇನೆ. ಐದನೇ ತಟ್ಟೆ ಇಲ್ಲದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ನಿಲ್ಲಿಸಿದ ಹದಿನಾರು ವರ್ಷದ ಮೇಲೆ ಕೂತು, ಅವಳು ಇನ್ನೂ ತಟ್ಟೆ ಇಡುತ್ತಲೇ ಇದ್ದಾಳೆ ಎಂದು ಕಥೆ ಬರೆದೆ. ಜನ ಚಪ್ಪಾಳೆ ತಟ್ಟಿದರು.

"ಅಬ್ಬಾ ಬರ್ತಾರೆ ಅಂತ ನಿನಗೆ ಅನ್ನಿಸ್ತಿರಲಿಲ್ವಾ?"

"ಒಂದು ವರ್ಷ ಅಂದೆನಲ್ಲ" ಎಂದಳು. ಕಾಗದದ ಮೇಲೆ ಉರ್ದುವಿನಲ್ಲಿ ಸಹಿ ಹಾಕಿದಳು. ಒಂದು ಷರತ್ತೂ ಹಾಕಿದಳು, ಕೋಳಿ ತೆಗೆಯಬೇಕೆಂದು.

ಶಾಲೆ ಶುರುವಾಗುವ ಮೊದಲು ಚಿತ್ರಕಥೆಯನ್ನು ಮತ್ತೆ ಬರೆದೆ. ಕೊನೆಯ ದೃಶ್ಯಕ್ಕೆ ತಗುಲಿದ್ದು ಒಂದು ಸಂಜೆ. ಹುಡುಗ ಟ್ರಂಕು ಹೊತ್ತು ಬಸ್ಸು ಹತ್ತಿದ್ದಾನೆ. ರಾತ್ರಿ ಅವಳು ದಸ್ತರ್‌ಖಾನ್ ಹಾಸುತ್ತಾಳೆ. ಮೂರು ತಟ್ಟೆ ಇಡುತ್ತಾಳೆ. ಕೈ ನೀಲಿ ಅಂಚಿನ ತಟ್ಟೆಯವರೆಗೆ ಹೋಗುತ್ತದೆ. ಅದನ್ನು ಒರೆಸಿ, ಬೋರಲು ಹಾಕಿ ಗೂಡಿನಲ್ಲಿಡುತ್ತಾಳೆ. ಮೂವರು ಉಣ್ಣುತ್ತಾರೆ. ಅಷ್ಟೇ, ಸಂಗೀತ ಬೇಡ ಎಂದು ಬರೆದೆ. ಆದರೆ ಆ ಒಂದು ಸಂಜೆಯ ಕೆಲಸಕ್ಕಾಗಿ ಹಿಂದಿನ ನಲವತ್ತು ದೃಶ್ಯಗಳನ್ನು ಒಂದು ತಿಂಗಳು ಬಿಚ್ಚಿ ಹೊಲಿಯಬೇಕಾಯಿತು. ಹುಡುಗ ಬೆಳಿಗ್ಗೆ ತಿನ್ನುವುದು ನಾಲ್ಕು ಕಡೆ ಬರಬೇಕು, ಯಾರೂ ಅದನ್ನು ಮುಖ್ಯವೆಂದು ತಿಳಿಯಬಾರದು. ನೋಡುವವರು ಗಂಡನಿಗಾಗಿ ಬಾಗಿಲು ನೋಡುತ್ತಿರುವಾಗ ತಟ್ಟೆ ಸದ್ದಿಲ್ಲದೆ ತನ್ನ ಕೆಲಸ ಮಾಡುತ್ತಿರಬೇಕು. ಕೊನೆ ಸಿಗದೆ ನಾನು ಒದ್ದಾಡಿದ್ದಕ್ಕೆ ಕಾರಣ ಕೊನೆಯಲ್ಲಿ ಇರಲೇ ಇಲ್ಲ, ಮೂರನೇ ಪುಟದಲ್ಲಿ ಕೋಳಿಗಳ ರೂಪದಲ್ಲಿ ಕಾಳು ಹೆಕ್ಕುತ್ತಿತ್ತು.

ನಿರ್ದೇಶಕರು ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಗಂಡನ ವಿಷಯ ಜನ ಕೇಳ್ತಾರೆ" ಎಂದರು. ನಿರ್ಮಾಪಕರೇ ನನ್ನ ಪರ ನಿಂತರು. "ಇಲ್ಲ ಬಿಡಿ, ಆ ಹೊತ್ತಿಗೆ ಮರೆತಿರ್ತಾರೆ" ಎಂದರು. ಅದಾದ ಮೇಲೆ ಅವರ ಬೇರೊಂದು ಸಿನೆಮಾ ಕೈಕೊಟ್ಟಿತು, ಹಣ ಹೊಂದಲಿಲ್ಲ. ಚಿತ್ರಕಥೆ ನನ್ನ ಕಪಾಟಿನಲ್ಲಿದೆ. ಸಿನೆಮಾ ಆಗುತ್ತದೋ ಇಲ್ಲವೋ ಅಲ್ಲಾಹನೇ ಬಲ್ಲ.

ಅಂದು ಹರಿಹರದಿಂದ ಹೊರಟಾಗ ಭಾಯಿ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಬಸ್ಸು ಬರುವುದು ತಡವಿತ್ತು. ಟೀ ಕುಡಿದೆವು. ಲೋಟ ಕೆಳಗಿಟ್ಟು ಅವನು ಬೇರೆ ಕಡೆ ನೋಡುತ್ತಾ ಹೇಳಿದ, "ಅವತ್ತು ತಿಂದಿದ್ದು ಬೆಕ್ಕಲ್ಲ. ನಾನು."

ಏನು ಹೇಳಬೇಕೋ ತಿಳಿಯಲಿಲ್ಲ. ಮೂವತ್ತಾರು ವರ್ಷದ ಹಿಂದಿನ ಮಾತು. ಅಮ್ಮಿಗೆ ಗೊತ್ತಾ ಎಂದು ಕೇಳಿದೆ.

"ಅನ್ನ ತಿಂದ ಬೆಕ್ಕು ತಟ್ಟೆ ಮುಚ್ಚಿಟ್ಟು ಹೋಗುತ್ತಾ?" ಎಂದ ಭಾಯಿ. ಅಷ್ಟರಲ್ಲಿ ಬಸ್ಸು ಬಂತು.